ಬುಡ್ಡಿ ದೀಪದ ತಪ್ಪು

ನಮ್ಮ ಅತ್ತೆಯ, ಅಂದ್ರೆ ಅಪ್ಪನ ತಂಗಿಯ, ಬಲಗೈ ಮೇಲೆ ಮೊಣಕೈವರೆಗೂ ಒಂದು ಸುಟ್ಟ ಕಲೆ ಇದೆ. ಚಿಕ್ಕವನಿದ್ದಾಗ ಅದನ್ನ ಮುಟ್ಟಿ ಮುಟ್ಟಿ ನೋಡ್ತಿದ್ದೆ. "ಏನತ್ತೆ ಇದು?" ಅಂದ್ರೆ, "ಬುಡ್ಡಿ ಕೆಡವಿಕೊಂಡಿದ್ದೆ ಕಣೋ, ನಂಗೆ ಮೊದಲಿಂದಲೂ ಗಮನ ಕಡಿಮೆ" ಅಂತ ನಗ್ತಿದ್ದಳು. ಮನೇಲಿ ಎಲ್ಲರೂ ಹೇಳ್ತಿದ್ದಿದ್ದೂ ಅದನ್ನೇ.

ಆ ಬುಡ್ಡಿ ಅಂಗಡಿಯಿಂದ ತಂದದ್ದೇನಲ್ಲ. ಖಾಲಿಯಾದ ಟಾನಿಕ್ ಬಾಟಲಿ, ಮುಚ್ಚಳಕ್ಕೊಂದು ತೂತು, ಹಳೇ ಪಂಚೆ ಹರಿದು ಹೊಸೆದ ಬತ್ತಿ, ಒಳಗೆ ಸೀಮೆಎಣ್ಣೆ. ಅಷ್ಟೇ... ನಿಮ್ಮಲ್ಲಿ ಎಷ್ಟೋ ಜನ ಇಂಥದರ ಬೆಳಕಲ್ಲೇ ಮಗ್ಗಿ ಬಾಯಿಪಾಠ ಮಾಡಿರ್ತೀರಿ.

ಮೊನ್ನೆ ಶ್ರೀಲಂಕಾದ ಸರ್ಜನ್ ಡಾ. ವಿಜಯ ಗೋಡಕುಂಬುರ ಅವರ ಬಗ್ಗೆ ಓದ್ತಿದ್ದೆ. ಅಲ್ಲಿಯ ಬಡವರ ಮನೆಗಳಲ್ಲೂ ಇದೇ ಥರದ ಬಾಟಲಿ ದೀಪ. ಅದು ಉರುಳಿ ಸುಟ್ಟುಕೊಂಡವರಿಗೆ ಚಿಕಿತ್ಸೆ ಮಾಡೀ ಮಾಡೀ, ಕೊನೆಗೆ ಅವರು ದೀಪವನ್ನೇ ಸರಿಮಾಡೋಕೆ ಹೊರಟರು. ಬ್ರೆಡ್ಡಿಗೆ ಹಚ್ಚೋ ಮಾರ್ಮೈಟ್ ಬರುತ್ತಲ್ಲ, ಅದರ ಗಿಡ್ಡ ಬಾಟಲಿ ನೋಡಿ ಅವರಿಗೆ ದಾರಿ ಹೊಳೀತಂತೆ. ಅವರ ದೀಪ ಗಿಡ್ಡ, ತೂಕ ಜಾಸ್ತಿ, ಹಾಗಾಗಿ ಸುಲಭಕ್ಕೆ ಬೀಳಲ್ಲ. ಎರಡು ಪಕ್ಕ ಚಪ್ಪಟೆ, ಬಿದ್ದರೂ ಉರುಳಿಕೊಂಡು ಹೋಗಲ್ಲ. ಗಾಜು ದಪ್ಪ, ಬೇಗ ಒಡೆಯಲ್ಲ. ತಿರುಗಿಸಿ ಬಿಗಿ ಮಾಡೋ ಲೋಹದ ಮುಚ್ಚಳ, ಎಣ್ಣೆ ಚೆಲ್ಲಲ್ಲ. ಬೆಲೆಯೂ ಬಡವರ ಕೈಗೆಟುಕುವಂಥದ್ದು. ಇದಕ್ಕೆ 1998ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು.

ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮ ಟಾನಿಕ್ ಬಾಟಲಿ ಇದರ ತದ್ವಿರುದ್ಧ. ಉದ್ದ, ಹಗುರ, ದುಂಡಗೆ, ತೆಳು ಗಾಜು, ಸಡಿಲ ಮುಚ್ಚಳ. ಸೆರಗು ತಾಗಿದರೂ ಸಾಕಿತ್ತು! ಅಂಥದನ್ನ ಹನ್ನೊಂದು ವರ್ಷದ ಹುಡುಗಿ ಕೈಗೆ ಕೊಟ್ಟು, ಬಿದ್ದಾಗ ಬೈದದ್ದು ಹುಡುಗಿಗೆ. ಬಾಟಲಿಯನ್ನ ಯಾರೂ ಬೈಯಲಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಅತ್ತೆಗೆ ಮೊಬೈಲಲ್ಲಿ ಆ ದೀಪದ ಫೋಟೋ ತೋರಿಸಿದೆ. "ಚೆಂದ ಇದೆಯಲ್ಲೋ, ಉಪ್ಪಿನಕಾಯಿ ಭರಣಿ ಮರಿ ಹಾಕಿದಂಗೆ!" ಅಂದಳು. ಅದು ಯಾಕೆ ಬೀಳಲ್ಲ, ಯಾಕೆ ಉರುಳಲ್ಲ ಅಂತ ಒಂದೊಂದಾಗಿ ವಿವರಿಸಿದೆ. ಅತ್ತೆ ಸ್ವಲ್ಪ ಹೊತ್ತು ಕೈಯ ಕಲೆಯನ್ನೇ ಸವರುತ್ತಾ ಕೂತಳು.

"ಹಂಗಾರೆ ನಂದೇ ತಪ್ಪಲ್ಲ ಅನ್ನು" ಅಂದಳು.

ನಲವತ್ತು ವರ್ಷ ಆಗಿತ್ತು ಆ ಕಲೆಗೆ. ಡಿಸೈನ್ ಅಂದ್ರೆ ಕಾರಿಗೆ, ಮೊಬೈಲಿಗೆ ಅಂತ ತಿಳಿದಿದ್ದವನು ನಾನು.

ನಿಮ್ಮ ಮನೆ ಅಟ್ಟದಲ್ಲೂ ಹಳೇ ಬುಡ್ಡಿ ಇದ್ದರೆ, ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಎಷ್ಟು ಹಗುರ ಇದೆ ಅಂತ.