ಇಂದಿರಾನಗರದಲ್ಲಿ ನಾಲ್ಕು ಮಿಲಿಮೀಟರ್

ಇಂದಿರಾನಗರ ಮೆಟ್ರೊ ಸ್ಟೇಷನ್‌ನ ಮೆಟ್ಟಿಲಿಳಿದು ಸಿಎಂಎಚ್ ರಸ್ತೆಯಲ್ಲಿ ನಡೆದರೆ ಸಾಲಾಗಿ ಒಡವೆ ಅಂಗಡಿಗಳು ಸಿಗುತ್ತವೆ. ಒಡವೆ ಅಂಗಡಿ ಅಂದಮೇಲೆ ಕಿವಿ, ಮೂಗು ಚುಚ್ಚೋದೂ ಇದ್ದದ್ದೇ. ಗನ್ ಇಟ್ಟು ‘ಟಕ್’ ಅನ್ನಿಸಿದರೆ ಮುಗೀತು, ಮಗು ಅಳೋಕೆ ಶುರು ಮಾಡೋಷ್ಟರಲ್ಲಿ ಬಿಲ್ ರೆಡಿ. ಅಲ್ಲಿಂದ ನೂರಡಿ ರಸ್ತೆ ಹಿಡಿದು ಹನ್ನೆರಡನೇ ಮೇನ್ ಕಡೆ ಹೋದರೆ ಬೇರೆಯದೇ ಊರು. ಕೆಳಗೆ ಕಾಫಿ, ಮೇಲೆ ಬಿಯರ್, ಮಧ್ಯೆ ಒಂದೊಂದು ಹಳೇ ಮನೆ, ಅದರ ಗೇಟಿಗೆ ‘ನೋ ಪಾರ್ಕಿಂಗ್’ ಬೋರ್ಡು, ಬೋರ್ಡಿನ ಮುಂದೇನೇ ನಿಲ್ಲಿಸಿದ ನಾಲ್ಕು ಸ್ಕೂಟರು.

ಇಂಥದ್ದೊಂದು ಅಡ್ಡರಸ್ತೆಯ ಮೊದಲ ಮಹಡಿಯಲ್ಲಿದೆ ನಾನು ಹೋದ ಸ್ಟುಡಿಯೊ. ಹೋಗಿದ್ದು ಕೆಳತುಟಿಯ ಕೆಳಗೆ, ನಟ್ಟನಡುವೆ, 4 ಮಿಲಿಮೀಟರ್ ದಪ್ಪದ ಲ್ಯಾಬ್ರೆಟ್ ಹಾಕಿಸಿಕೊಳ್ಳೋಕೆ.

4 ಮಿಲಿಮೀಟರ್ ಅಂದ್ರೆ ಎಷ್ಟು? ನಮ್ಮ ಮೂಗುತಿಯ ಕಡ್ಡಿ ಸಾಮಾನ್ಯವಾಗಿ 1 ಮಿಲಿಮೀಟರ್ ಸುತ್ತಮುತ್ತ ಇರುತ್ತೆ. ಮಾಮೂಲಿ ಲಿಪ್ ಪಿಯರ್ಸಿಂಗ್ 1.2 ಅಥವಾ 1.6. ಅಂಗಡಿಯವರು ಇದನ್ನು 16 ಗೇಜ್, 14 ಗೇಜ್ ಅಂತಾರೆ. ನನ್ನದು 6 ಗೇಜ್. ನಂಬರ್ ಕಮ್ಮಿ ಆದಷ್ಟೂ ದಪ್ಪ ಜಾಸ್ತಿ. ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ತಂತಿ ಅಳೆದವರಿಗೆ ಈ ಉಲ್ಟಾ ಲೆಕ್ಕ ಗೊತ್ತಿರುತ್ತೆ. ಇದು ಅದೇ ಅಮೆರಿಕನ್ ವೈರ್ ಗೇಜ್, ತಂತಿಯಿಂದ ತುಟಿಗೆ ಬಂದಿದೆ ಅಷ್ಟೆ. ಇಂಜಿನಿಯರಿಂಗ್ ಓದಿದ್ದು ಕೊನೆಗೂ ಎಲ್ಲೋ ಉಪಯೋಗಕ್ಕೆ ಬಂತು.

ಒಳಗೆ ಹೋದರೆ ಕತ್ತಲು, ತಲೆಬುರುಡೆ, ಗಿಟಾರ್ ಗದ್ದಲ ಇರುತ್ತೆ ಅಂದುಕೊಂಡಿದ್ದೆ. ಅಲ್ಲಿದ್ದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್‌ನಂಥ ಬೆಳಕು. ಚಪ್ಪಲಿ ಹೊರಗೆ. ಗಾಜಿನ ಆಚೆ ಒಂದು ಆಟೊಕ್ಲೇವ್, ನಮ್ಮ ಅಡುಗೆಮನೆ ಕುಕ್ಕರಿನ ದೊಡ್ಡಣ್ಣ. ಒಳಗೆ ಒತ್ತಡದ ಹಬೆ 121 ಡಿಗ್ರಿ ಮುಟ್ಟಿ ಕಾಲು ಗಂಟೆಯ ಮೇಲೆ ನಿಲ್ಲಬೇಕು. ಪ್ರತಿ ಪೊಟ್ಟಣದ ಮೇಲೂ ಬಣ್ಣ ಬದಲಾಗೋ ಗುರುತು. ಪಕ್ಕದಲ್ಲಿ ಕೈಬರಹದ ಒಂದು ಪುಸ್ತಕ: ತಾರೀಖು, ಎಷ್ಟನೇ ಸಲ, ಯಾರು ಓಡಿಸಿದ್ದು, ಸಹಿ. ಹಬೆಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಒಳಗಿಟ್ಟು, ಅವೂ ಸತ್ತವಾ ಅಂತ ಆಗಾಗ ಪರೀಕ್ಷೆ ಮಾಡಿಸ್ತಾರಂತೆ, ಅದಕ್ಕೆ ಬೇರೆ ಪುಟ. ನಮ್ಮ ಟೀಮಿನ ರಿಲೀಸ್ ಚೆಕ್‌ಲಿಸ್ಟ್ ಇಷ್ಟು ನೀಟಾಗಿದ್ದಿದ್ರೆ ಎಷ್ಟೋ ಶನಿವಾರಗಳು ಉಳೀತಿದ್ವು. ಒಡವೆ ಅಂಗಡಿಯ ಪ್ಲಾಸ್ಟಿಕ್ ಗನ್ ಈ ಹಬೆಗೆ ತಡೆಯಲ್ಲ, ಕರಗಿಹೋಗುತ್ತೆ. ಅದಕ್ಕೇ ಇಂಥ ಕಡೆ ಗನ್ ಇರೋದೇ ಇಲ್ಲ. ಒಳಗೆ ಟೊಳ್ಳಾದ ಸೂಜಿ, ಒಬ್ಬರಿಗೆ ಒಂದು, ಆಮೇಲೆ ಶಾರ್ಪ್ಸ್ ಡಬ್ಬಕ್ಕೆ.

ಪಿಯರ್ಸರ್ ನನ್ನ ವಯಸ್ಸಿನವಳೇ, ಶಿವಾಜಿನಗರದ ಹುಡುಗಿ. ಬಾಯಿ ತೆಗೆಸಿ ಟಾರ್ಚ್ ಹಾಕಿ ಹಲ್ಲು, ವಸಡು, ಕಚ್ಚೋ ರೀತಿ ಎಲ್ಲ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

“ನೋಡಿ ಮೇಡಂ, 1.6ರಲ್ಲಿ ಶುರು ಮಾಡಿ ತಿಂಗಳುಗಟ್ಟಲೆ ನಿಧಾನಕ್ಕೆ ದೊಡ್ಡದು ಮಾಡಬಹುದು. ಒಂದೇ ಸಲ 4 ಬೇಕಾದ್ರೂ ಮಾಡ್ತೀನಿ. ಆದ್ರೆ ಬೇಜಾರಾಗಿ ತೆಗೆದ್ರೆ ತೂತು ಚಿಕ್ಕದಾಗಬಹುದು, ಪೂರ್ತಿ ಮುಚ್ಚುತ್ತೆ ಅಂತ ನಾನು ಹೇಳಲ್ಲ. ನೀರು ಕುಡಿದ್ರೆ ಒಸರಬಹುದು. ಆಗ ಡಾಕ್ಟರ್ ಹತ್ರ ಹೊಲಿಗೇನೇ. ವಸಡು ಸವೆಯೋ ರಿಸ್ಕೂ ಇದೆ. ಎರಡು ವಾರ ಬಿಟ್ಟು ಬನ್ನಿ. ಅಡ್ವಾನ್ಸ್ ಬೇಡ.”

ದುಡ್ಡು ಕೊಡೋಕೆ ಬಂದವರನ್ನು ವಾಪಸ್ ಕಳಿಸೋ ಅಂಗಡಿಯನ್ನು ಬೆಂಗಳೂರಿನಲ್ಲಿ ನಾನು ನೋಡಿದ್ದು ಅದೇ ಮೊದಲು.

ಅಲ್ಲಿನ ಸೋಫಾ ಪಕ್ಕದಲ್ಲಿ ಕೆಲವು ಫೋಟೊ ಪುಸ್ತಕಗಳಿವೆ. ಹೊರಡೋ ಮೊದಲು ಒಂದು ಗಂಟೆ ಅಲ್ಲೇ ಕೂತೆ. ಇಥಿಯೋಪಿಯಾದ ಓಮೊ ಕಣಿವೆಯ ಮುರ್ಸಿ ಹೆಂಗಸರು, ಕೆಳತುಟಿಯಲ್ಲಿ ಮಣ್ಣಿನ ಬಿಲ್ಲೆ. ಬ್ರೆಜಿಲ್‌ನ ಕಯಾಪೊ ಜನರ ನಾಯಕ ರಾವೊನಿ, ಮರದ ಬಿಲ್ಲೆ. ಅಲಾಸ್ಕಾ ಕಡೆಯ ಟ್ಲಿಂಗಿಟ್ ಜನರಲ್ಲಿ ದೊಡ್ಡ ಮನೆತನದ ಹೆಂಗಸರಿಗೆ ತುಟಿಯ ಒಡವೆ ಅಂತಸ್ತಿನ ಗುರುತಾಗಿತ್ತು. ಮೆಕ್ಸಿಕೊದ ಆಜ್ಟೆಕ್ ದೊರೆಗಳು ಚಿನ್ನದ್ದು ಹಾಕ್ತಿದ್ದರು. ಹಾವಿನ ತಲೆಯ ಆಕಾರದ ಒಂದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, ಅದರ ನಾಲಿಗೆ ಅಲ್ಲಾಡುತ್ತೆ! ದೂರ ಯಾಕೆ, ನಮ್ಮ ಅರುಣಾಚಲದ ಜೀರೊ ಕಣಿವೆಯ ಅಪತಾನಿ ಅಜ್ಜಿಯಂದಿರ ಮೂಗಿನ ಎರಡೂ ಬದಿಯಲ್ಲಿರೋ ಬಿರಡೆ ನೋಡಿದರೆ ನನ್ನ 4 ಮಿಲಿಮೀಟರ್ ಸಾಸಿವೆಕಾಳು.

ಆ ಎರಡು ವಾರದ ನಡುವೆ ತಿಪಟೂರಿಗೆ ಹೋದೆ. ಅಮ್ಮನಿಗೆ ಹೇಳಲೇಬೇಕಿತ್ತು. ಮನೆಯಲ್ಲಿ ನನ್ನ ಮದುವೆ ಮಾತು ನಡೀತಿದೆ, ಜಾತಕದ ಜೊತೆ ಫೋಟೊನೂ ಓಡಾಡ್ತಿದೆ. ಅಮ್ಮ ಚಪಾತಿ ಲಟ್ಟಿಸೋದು ನಿಲ್ಲಿಸಿದಳು. “ಮೂಗು ಚುಚ್ಚಿಸ್ಕೊ ಅಂತ ಎಷ್ಟು ವರ್ಷದಿಂದ ಬಡ್ಕೊಂಡೆ. ಬೇಡ ಅಂದೆ. ಈಗ ತುಟೀಗಾ? ನೋಡೋಕೆ ಬಂದೋರಿಗೆ ಏನಂತ ಹೇಳ್ಲಿ?” ಅದಾದ ಮೇಲೆ ರಾತ್ರಿವರೆಗೂ ಮಾತಿಲ್ಲ.

ಅಜ್ಜಿ ಜಗಲಿ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಅಜ್ಜಿಯ ಕಿವಿ ಹಾಲೆ ಉದ್ದಕ್ಕೆ ಜೋತುಬಿದ್ದಿದೆ. ಮದುವೆಯಲ್ಲಿ ಹಾಕಿದ ಭಾರದ ಓಲೆ ದಶಕಗಟ್ಟಲೆ ಎಳೆದೂ ಎಳೆದೂ ಎಡಗಿವಿ ಹರಿದೇಹೋಗಿತ್ತು, ಆಸ್ಪತ್ರೆಯಲ್ಲಿ ಹೊಲಿಸಿದ್ದು. ಮೂಗಿನ ಎರಡೂ ಕಡೆ ತೂತು. ಯಾವಾಗ ಚುಚ್ಚಿದರು ಅಂತಲೂ ಅವಳಿಗೆ ನೆನಪಿಲ್ಲ, ಅಷ್ಟು ಚಿಕ್ಕವಳು. ನಾನು ಸ್ಟುಡಿಯೊದ ಕಥೆ ಹೇಳಿದೆ: ಟಾರ್ಚು, ಸಹಿ ಪುಸ್ತಕ, ವಾಪಸ್ ಕಳಿಸಿದ್ದು. ಸೂಜಿ ಬಗ್ಗೆ, ನೋವಿನ ಬಗ್ಗೆ ಅಜ್ಜಿ ಏನೂ ಕೇಳಲಿಲ್ಲ. “ನಿನ್ನ ಕೇಳಿ ಚುಚ್ತಾರೇನವ್ವ ಅಲ್ಲಿ?” ಅಂದಳು. ಹೂಂ ಅಂದೆ. “ಬ್ಯಾಡ ಅಂದ್ರೆ ಬಿಟ್‌ಬಿಡ್ತಾರಾ?” ಅದಕ್ಕೂ ಹೂಂ ಅಂದೆ. ಸುಮ್ಮನೆ ಎಲೆಗೆ ಸುಣ್ಣ ಹಚ್ಚಿಕೊಂಡಳು.

ವರ್ಷ ತುಂಬದ ಮಗುವಿನ ಕಿವಿ ಚುಚ್ಚಿಸಿ ನೆಂಟರಿಗೆಲ್ಲ ಸಿಹಿ ಹಂಚುತ್ತೇವೆ, ಯಾಕೆ ಅಂತ ಯಾರೂ ಕೇಳಲ್ಲ. ಮೂವತ್ತರವಳು ತಾನೇ ಕೇಳಿ ಚುಚ್ಚಿಸಿಕೊಂಡರೆ ಲಿಫ್ಟ್‌ನಲ್ಲಿ ಸಿಕ್ಕವರಿಗೂ ಕಾರಣ ಬೇಕು. ನನ್ನ ಹತ್ತಿರ ದೊಡ್ಡ ಕಾರಣವೇನಿಲ್ಲ. ಚೆಂದ ಕಾಣುತ್ತೆ, ನನಗೆ ಬೇಕು.

ಎರಡು ವಾರ ಕಳೆದ ಶನಿವಾರ ಕುಂದಲಹಳ್ಳಿಯಲ್ಲಿ ಮೆಟ್ರೊ ಹತ್ತಿದೆ. ಹೊಟ್ಟೆ ತುಂಬ ತಿಂದು ಬರಬೇಕು ಅಂದಿದ್ದಳು, ಖಾಲಿ ಹೊಟ್ಟೆಯಲ್ಲಿ ತಲೆಸುತ್ತು ಬರುತ್ತೆ. ಎರಡು ಇಡ್ಲಿ ಒಂದು ವಡೆ ಆಗಿತ್ತು. ಬಾಯಿ ಮುಕ್ಕಳಿಸಿ, ಚರ್ಮ ಒರೆಸಿ, ನೇರಳೆ ಶಾಯಿಯ ಚುಕ್ಕೆ. ಕನ್ನಡಿ ಕೊಟ್ಟಳು. ಕೂದಲೆಳೆಯಷ್ಟು ಎಡಕ್ಕಿದೆ ಅನ್ನಿಸ್ತು, ಹೇಳಿದೆ. ಅಳಿಸಿ ಮತ್ತೆ ಇಟ್ಟಳು. ಮೂರು ಸಲ ಹೀಗಾಯ್ತು, ಮುಖ ಸಿಂಡರಿಸಲಿಲ್ಲ. ಅರಿವಳಿಕೆ ಗಿರಿವಳಿಕೆ ಏನಿಲ್ಲ. “ಉಸಿರು ಎಳ್ಕೊಳಿ... ಈಗ ಬಿಡಿ.”

ನೋವಾ? ಆಯ್ತು. ಚುರುಕ್ ಅನ್ನೋ ನೋವಲ್ಲ, ಯಾರೋ ಹೆಬ್ಬೆರಳಲ್ಲಿ ಗದ್ದವನ್ನು ಒಳಗೆ ಒತ್ತಿದ ಹಾಗೆ, ಅದರ ಹಿಂದೆಯೇ ಬಿಸಿ. ಕಣ್ಣಲ್ಲಿ ನೀರು ತಾನಾಗೇ ಬಂತು. ಎರಡು ಮೂರು ಸೆಕೆಂಡ್ ಇರಬಹುದು. ಸೂಜಿಯ ಬೆನ್ನಿಗೇ ಟೈಟೇನಿಯಂ ಕಡ್ಡಿ ಒಳಕ್ಕೆ ಜಾರಿತು. ಒಳಗಡೆ ಚಪ್ಪಟೆ ಬಿಲ್ಲೆ, ಹೊರಗಡೆ ತಿರುಪಿನ ಗುಂಡು. ರಕ್ತ ಒಂದು ಹತ್ತಿ ಉಂಡೆಯಷ್ಟು.

ಊತಕ್ಕೆ ಜಾಗ ಇರಲಿ ಅಂತ ಮೊದಲ ಕಡ್ಡಿ ಬೇಕಂತಲೇ ಉದ್ದ ಇರುತ್ತೆ. ಮೂರನೇ ದಿನ ನನ್ನ ತುಟಿ ಜೇನು ಕಡಿದ ಹಾಗಿತ್ತು. ಒಂದು ವಾರ ತಣ್ಣನೆ ಮೊಸರನ್ನ, ಒಗ್ಗರಣೆ ಮೆಣಸಿನಕಾಯಿ ಕೂಡ ಇಲ್ಲದ್ದು. ಊಟ ಆದಮೇಲೆಲ್ಲ ಆಲ್ಕೋಹಾಲ್ ಇಲ್ಲದ ಮೌತ್‌ವಾಶ್, ಹೊರಗೆ 0.9 ಶೇಕಡಾ ಸಲೈನ್. ಮೆಡಿಕಲ್ ಶಾಪಿನಲ್ಲೇ ಸಿಗುತ್ತೆ, ಮನೆಯಲ್ಲಿ ಉಪ್ಪು ಕಲಸೋ ಸಾಹಸ ಬೇಡ. ಅರಿಶಿನ ಹಚ್ಚು ಅಂತ ಪಕ್ಕದ ಫ್ಲ್ಯಾಟಿನ ಆಂಟಿ ಹೇಳಿದರು, ಕೈಮುಗಿದೆ. ಸುತ್ತ ಬಿಳಿ ದ್ರವ ಒಣಗಿ ಅಂಟುತ್ತೆ, ಅದು ಮಾಮೂಲು. ಹಳದಿ ಹಸಿರು ಕೀವು, ಜ್ವರ, ಹರಡೋ ಕೆಂಪು ಕಂಡರೆ ಮಾತ್ರ ಡಾಕ್ಟರು. ಆಫೀಸಿನಲ್ಲಿ ಮ್ಯಾನೇಜರ್ ಒಂದು ನಿಮಿಷ ದಿಟ್ಟಿಸಿ ಸ್ಪ್ರಿಂಟ್ ಬೋರ್ಡ್‌ಗೆ ವಾಪಸಾದರು.

ಊತ ಇಳಿದ ಮೇಲೆ ಗಿಡ್ಡ ಕಡ್ಡಿ ಹಾಕಿಸಿಕೊಳ್ಳಲೇಬೇಕು, ಉದ್ದದ್ದು ಹಲ್ಲಿಗೆ ತಾಗ್ತಾ ಇದ್ದರೆ ಹಲ್ಲು ಚಕ್ಕೆ ಏಳುತ್ತೆ. ನಾಲ್ಕನೇ ವಾರ ಹೋಗಿ ಹಾಕಿಸಿ, ಆ ಭಾನುವಾರ ಊರಿಗೆ ಹೋದೆ. ಅಜ್ಜಿ ಕನ್ನಡಕ ಏರಿಸಿ, ತುಟಿ ಹಿಡಿದೆಳೆದು ಒಳಗಿನ ಬಿಲ್ಲೆ ನೋಡಿದಳು.

“ಚಿನ್ನ ಅಲ್ವಾ?”

“ಟೈಟೇನಿಯಂ ಅಜ್ಜಿ.”

“ಅಡ ಇಟ್ಟರೆ ಎಷ್ಟು ಕೊಡ್ತಾರೆ?”

ಆರು ತಿಂಗಳಿಗೊಮ್ಮೆ ವಸಡು ತೋರಿಸೋಕೆ ದಂತವೈದ್ಯರ ಅಪಾಯಿಂಟ್‌ಮೆಂಟ್ ಹಾಕಿಕೊಂಡಿದ್ದೇನೆ. ಜಾತಕದ ಜೊತೆ ಹೋಗೋ ಫೋಟೊ ಮಾತ್ರ ಇನ್ನೂ ಹಳೇದೇ. ಅಮ್ಮ ವಿಡಿಯೊ ಕಾಲ್ ಮಾಡೋದು ಬಿಟ್ಟಿದ್ದಾಳೆ, ಬರೀ ಆಡಿಯೊ. ದಿನಾ ರಾತ್ರಿ ಎಂಟೂವರೆಗೆ ಫೋನ್ ಬರುತ್ತೆ, ಮೊದಲ ಪ್ರಶ್ನೆ ಒಂದೇ: “ಖಾರ ತಿನ್ನೋಕೆ ಆಗ್ತಿದ್ಯಾ?”