ಗೋಕರ್ಣಕ್ಕೆ ಅಂತ ಹೊರಟು ತಲಕಾಡಿಗೆ ಹೋದೆವು

ನಮ್ಮದು ಇಂಜಿನಿಯರಿಂಗ್ ಓದುವಾಗಿನ ಆರು ಜನರ ಗ್ಯಾಂಗು. ನನ್ನ ಊರು ನಂಜನಗೂಡು, ಇನ್ನೊಬ್ಬನದು ಟಿ. ನರಸೀಪುರ, ಉಳಿದವರು ಬೆಂಗಳೂರಿನವರು. ಮಳೆಗಾಲ ಮುಗಿದು ಕಡಲಿನ ಅಬ್ಬರ ಇಳಿಯೋದು ಅಕ್ಟೋಬರ್‌ನಲ್ಲಿ. ಸೀಸನ್ ಶುರುವಿಗೇ ಗೋಕರ್ಣಕ್ಕೆ ಹೋಗೋಣ ಅಂತ ಆಗಸ್ಟ್‌ನಲ್ಲೇ ವಾಟ್ಸ್ಆಪ್ ಗ್ರೂಪ್ ಮಾಡಿದೆವು. ಓಂ ಬೀಚಾ, ಕುಡ್ಲೆ ಬೀಚಾ? ರೈಲಾ, ಟೆಂಪೋ ಟ್ರಾವೆಲರಾ? ಪೋಲ್ ಮೇಲೆ ಪೋಲ್. ಖರ್ಚಿನ ಶೀಟ್ ನನ್ನ ಜವಾಬ್ದಾರಿ. ಮೊದಲು ತಲೆಗೆ 5,000 ಇತ್ತು. ಒಬ್ಬ ಕಡಲು ಕಾಣೋ ರೂಮೇ ಬೇಕು ಅಂದ, ಇನ್ನೊಬ್ಬ ನೇತ್ರಾಣಿಯ ಸ್ಕೂಬಾ ಸೇರಿಸು ಅಂದ. 12,000 ದಾಟಿತು.

ನರಸೀಪುರದವನು ಎಲ್ಲದಕ್ಕೂ ಹೆಬ್ಬೆರಳು ಒತ್ತುತ್ತಿದ್ದ. ಅಡ್ವಾನ್ಸ್ ಮಾತ್ರ ಬರಲಿಲ್ಲ. 'ಮಗಾ, ಎಲ್ಲರದ್ದೂ ಬಂತು, ನಿಂದೊಂದೇ ಬಾಕಿ' ಅಂತ ಗ್ರೂಪಿನಲ್ಲೇ ಹಾಕಿಬಿಟ್ಟೆ. ನೆನೆಸಿಕೊಂಡರೆ ಈಗಲೂ ನಾಚಿಕೆ.

ಆ ವಾರ ಊರಿಗೆ ಬಂದಿದ್ದೆ. ಅಮ್ಮ ಕೊಟ್ಟ ರಸಬಾಳೆ ಚಿಪ್ಪು ಹಿಡಿದು ಬೈಕಿನಲ್ಲಿ ಅವನ ಮನೆಗೆ ಹೋದೆ. ಇಬ್ಬರೂ ಸಂಗಮದ ಮೆಟ್ಟಿಲ ಮೇಲೆ ಕೂತೆವು. ನಮ್ಮೂರ ಪಕ್ಕ ಹರಿಯುವ ಕಪಿಲೆ ಕಾವೇರಿಗೆ ಸೇರೋದು ಇಲ್ಲೇ. 3 ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಜಾಗ, ಅವತ್ತು ಖಾಲಿ. ಅವನು ನಿಧಾನಕ್ಕೆ ಬಾಯಿಬಿಟ್ಟ. ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಹೇಳಿದ್ದ. 'ಬರಲ್ಲ ಅಂದ್ರೆ ಕಾರಣ ಕೇಳ್ತೀರ. ಅದಕ್ಕೇ ಸುಮ್ಮನಿದ್ದೆ.'

'ನಿನ್ನ ದುಡ್ಡು ನಾನು ಹಾಕ್ತೀನಿ ಬಿಡು.'

'ಬೇಡ ಗುರು. ಆಮೇಲೆ ನಿನ್ ಜೊತೆ ಜಗಳ ಆಡೋಕೂ ಆಗಲ್ಲ.'

ಗ್ರೂಪಿಗೆ ಕಾರಣ ಹೇಳಲಿಲ್ಲ. 'ಪ್ಲಾನ್ ಚೇಂಜ್. ತಲಕಾಡು, ಒಂದೇ ದಿನ, ತಲೆಗೆ 600' ಅಂತ ಹಾಕಿದೆ. ಚೆನ್ನಾಗಿ ಬೈದರು. ಆದರೂ ಬಂದರು.

ತಲಕಾಡು ನರಸೀಪುರ ತಾಲ್ಲೂಕಿನದ್ದೇ. ಗಂಗರ ರಾಜಧಾನಿಯಾಗಿದ್ದ ಊರು ಈಗ ಮರಳಿನಡಿ ಇದೆ. ಪಾತಾಳೇಶ್ವರನನ್ನು ನೋಡಲು ಮರಳಿನ ಗುಂಡಿಯೊಳಕ್ಕೆ ಮೆಟ್ಟಿಲಿಳಿಯಬೇಕು. ಚೋಳರನ್ನು ಗೆದ್ದ ನೆನಪಿಗೆ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ದೇವಸ್ಥಾನ ನೋಡಿಕೊಂಡು ಹೊಳೆ ದಂಡೆಗೆ ಬಂದೆವು. ಅವನ ತಾಯಿ ಕಟ್ಟಿಕೊಟ್ಟ ಚಿತ್ರಾನ್ನ ಖಾಲಿಯಾಯ್ತು. ಒಬ್ಬ ಶರ್ಟ್ ಬಿಚ್ಚಿ ನೀರಿನ ಕಡೆ ಹೊರಟಾಗ ನರಸೀಪುರದವನೇ ಕೈ ಹಿಡಿದು ಎಳೆದ. 'ಮೇಲೆ ಸಪಾಟಾಗಿ ಕಾಣುತ್ತೆ, ಕೆಳಗೆ ಗುಂಡಿ, ಸುಳಿ ಇರುತ್ತೆ. ಮಳೆ ನೀರು ಇನ್ನೂ ಇಳಿದಿಲ್ಲ.' ಯಾರೂ ಇಳಿಯಲಿಲ್ಲ. ಮರಳ ಮೇಲೇ ಕೂತು ಹೊತ್ತು ಕಳೆದೆವು. ಸಂಜೆ ಹೊತ್ತಿಗೆ ಅವನೇ ಎಲ್ಲರ ಮುಂದೆ ಕೆಲಸದ ವಿಷಯ ಹೇಳಿಕೊಂಡ. ಬೆಳಗ್ಗೆ ಜಾಸ್ತಿ ಬೈದಿದ್ದವನೇ ಅಲ್ಲೇ ಅವನ ರೆಸ್ಯೂಮೆ ಕೇಳಿ ಕಳಿಸಿಕೊಂಡ.

ಈ ಸೀಸನ್‌ಗೆ ನೀವೂ ಟ್ರಿಪ್ ಪ್ಲಾನ್ ಮಾಡ್ತಿದ್ದರೆ ಒಂದು ಮಾತು. ಅಡ್ವಾನ್ಸ್ ಕೇಳುವ ಮೊದಲು ಒಬ್ಬೊಬ್ಬರಿಗೂ ಬೇರೆಯಾಗಿ ಫೋನ್ ಮಾಡಿ, 'ಎಷ್ಟು ಹಾಕಬಹುದು?' ಅಂತ ಕೇಳಿ. ಎಲ್ಲಕ್ಕಿಂತ ಕಡಿಮೆ ಬಂದ ಉತ್ತರವೇ ನಿಮ್ಮ ಬಜೆಟ್. ಗೋಕರ್ಣ ಎಲ್ಲಿಗೂ ಓಡಿಹೋಗಲ್ಲ.