ಕೊಬ್ಬರಿ ರೇಟು ಮತ್ತು ಓಟು

2024ರ ಏಪ್ರಿಲ್ 26ಕ್ಕೆ ತುಮಕೂರು ಕ್ಷೇತ್ರದಲ್ಲಿ ಲೋಕಸಭೆ ಮತದಾನ ಇತ್ತು. ಆಗ ತಿಪಟೂರಿನ ಕಡೆ ಯಾರನ್ನು ಮಾತಾಡಿಸಿದರೂ ಮೊದಲು ಕೊಬ್ಬರಿ ರೇಟಿನ ಮಾತೇ ಬರುತ್ತಿತ್ತು, ಅಭ್ಯರ್ಥಿಗಳ ಮಾತು ಆಮೇಲೆ.

2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಸಿಗುತ್ತಿದ್ದುದು ಅದಕ್ಕಿಂತ ಬಹಳ ಕಡಿಮೆ. ಕಾಯಿ ಹತ್ತು-ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತ ಮೇಲೇ ಉಂಡೆ ಕೊಬ್ಬರಿಯಾಗುವುದು. ಅಷ್ಟು ಕಾದ ಬೆಳೆಗಾರ, ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಖರೀದಿಗೆಂದು ಇನ್ನೂ ಕಾಯಬೇಕಿತ್ತು. ಸೊಸೈಟಿ ಸಾಲ, ಮಕ್ಕಳ ಫೀಸು ಕಾಯುವುದಿಲ್ಲ. ಹಾಗಾಗಿ ಎಷ್ಟೋ ಮಂದಿ ಸಿಕ್ಕ ರೇಟಿಗೆ ಕೊಟ್ಟುಬಿಡುತ್ತಿದ್ದರು.

ಇದರ ಮೇಲೆ ಬರ. 2023-24ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾಗಿದ್ದವು. ತೆಂಗಿಗೆ ಬರದಿಂದ ಬಿದ್ದ ಪೆಟ್ಟು ಮುಂದಿನ ಎರಡು-ಮೂರು ವರ್ಷದ ಇಳುವರಿಯಲ್ಲೂ ಕಾಣುತ್ತದೆ. ಅಂದರೆ ಆ ಚುನಾವಣೆ ಮುಗಿದರೂ ಕಷ್ಟ ಮುಗಿಯುವಂತಿರಲಿಲ್ಲ.

ಇನ್ನು ಮುಂದೆ ಓಟು ಕೇಳಲು ಬಂದವರನ್ನು, ಪಕ್ಷ ಯಾವುದೇ ಇರಲಿ, ಮೂರು ಮಾತು ಕೇಳೋಣ: ಖರೀದಿ ಕೇಂದ್ರ ಯಾವ ತಿಂಗಳು ತೆರೆಸುತ್ತೀರಿ? ಒಬ್ಬ ರೈತನಿಂದ ಎಷ್ಟು ಕ್ವಿಂಟಲ್ ಕೊಳ್ಳಿಸುತ್ತೀರಿ? ದುಡ್ಡು ಎಷ್ಟು ದಿನದಲ್ಲಿ ಖಾತೆಗೆ ಬರುತ್ತದೆ? ಉತ್ತರ ಬರೆದಿಟ್ಟುಕೊಳ್ಳಿ. ಗೆದ್ದವರನ್ನು ಐದು ವರ್ಷವೂ ಇದನ್ನೇ ಕೇಳಬೇಕಾಗುತ್ತದೆ.